ಅರಕಲಗೂಡಿನ ಗುಂಪು

“ಫೋರ್ಸ್ ಅಂತ ಸೇರಿಸಿ ಎಂಟರ್ ಒತ್ತಮ್ಮ, ಅದೇನು ನೋಡ್ತಾ ಕೂತಿದೀಯ!” ಹಾಸನದ ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿ ಮ್ಯಾನೇಜರ್ ವರದರಾಜ ಗುಡುಗಿದ.

ಸರ್ವರ್‌ಗಳನ್ನು ನೋಡಿಕೊಳ್ಳುವ ಸ್ಮಿತಾ ಕೀಬೋರ್ಡಿನಿಂದ ಕೈ ತೆಗೆದಳು. ಅರಕಲಗೂಡು ಶಾಖೆಗೆ ದುಡಿಯುವ ಸರ್ವರ್‌ಗಳ ಗುಂಪನ್ನು, ಡಿಸ್ಕುಗಳಿರುವ ಸ್ಟೋರೇಜಿನಿಂದ ಅಳಿಸುವ ಕಮಾಂಡನ್ನು ಅವಳು ಆಗಲೇ ಕೊಟ್ಟು ನೋಡಿದ್ದಳು. ಈ ಗುಂಪು ಇನ್ನೂ ಡಿಸ್ಕುಗಳನ್ನು ಬಳಸುತ್ತಿದೆ, ಅಳಿಸಲಾಗದು ಎಂದು ಪರದೆ ಉತ್ತರಿಸಿತ್ತು. ಫೋರ್ಸ್ ಎಂದು ಸೇರಿಸಿದರೆ ಅದು ಏನನ್ನೂ ಕೇಳದೆ ಬಲವಂತವಾಗಿ ಅಳಿಸಿಬಿಡುತ್ತಿತ್ತು.

“ಅಲ್ಲಿ ಲ್ಯಾಬ್ ಇನ್ನೂ ನಡೀತೈತೆ ಸಾ. ರಕ್ತದ ರಿಪೋರ್ಟೆಲ್ಲ ಈ ಡಿಸ್ಕಲ್ಲೇ ಇರೋದು. ಮುಗಿಸಿದ್ವಿ ಅಂತ ಅವ್ರು ಫೋನ್ ಮಾಡ್ಲಿ.”

“ಅದನ್ನ ತೆಗೆದಾಯ್ತು ಅಂತ ಮೇಲಿನೋರಿಗೆ ಬೆಳಗ್ಗೇನೇ ಹೇಳ್ಬಿಟ್ಟಿದೀನಿ. ಏಳು, ನಾನೇ ಒತ್ತುತೀನಿ!” ವರದರಾಜ ಅವಳ ಭುಜದ ಮೇಲಿಂದ ಕೈ ಚಾಚಿದ.

ಸ್ಮಿತಾ ವೈರನ್ನು ಕಿತ್ತು, ಕೀಬೋರ್ಡನ್ನು ಕಂಕುಳಲ್ಲಿ ಅವುಚಿಕೊಂಡು ಎದ್ದು ನಿಂತಳು.

“ನಮ್ಮಪ್ಪ ಹೊಳೆನರಸೀಪುರದಲ್ಲಿ ಲೈನ್‌ಮನ್ ಸಾ. ಜೊತೆಯೋರು ಕಂಬ ಹತ್ತಿದ್ರೆ ಫ್ಯೂಸ್ ಕಿತ್ತು ತನ್ನ ಜೇಬಲ್ಲೇ ಇಟ್ಕೊಂಡಿರ್ತಾನೆ. ಯಾವ ಆಫೀಸರ್ ಬಂದು ಬಾಯಿ ಬಡ್ಕಂಡ್ರೂ ಕೊಡಲ್ಲ. ಅರಕಲಗೂಡಿನೋರು ಇನ್ನೂ ಕಂಬದ ಮೇಲವ್ರೆ. ಅವ್ರು ಇಳೀಲಿ, ಕೊಡ್ತೀನಿ.”