ಶೋರೂಮಿನ ಸಂಸಾರ

ಸೋಫಾದ ತೋಳಿಗೆ ನೇತುಬಿದ್ದಿದ್ದ ಬೆಲೆಚೀಟಿಯನ್ನು ದಿಂಬಿನ ಹಿಂದೆ ತುರುಕಿ ಗಂಡ ಕಾಲ ಮೇಲೆ ಕಾಲು ಹಾಕಿ ಕೂತ. "ಹೂಂ, ತೆಗಿ. ಇವತ್ತು ಆ ಮೂಲೆ ದೀಪಾನೂ ಬರಲಿ."

"ಇವತ್ತು ಫೋಟೋ ಬೇಡ," ಎಂದಳು ಹೆಂಡತಿ. ಫೋನನ್ನು ಅವನ ಮುಂದೆ ಹಿಡಿದಳು. "ತಂಗಿ ಮೆಸೇಜ್ ಹಾಕಿದ್ದಾಳೆ. ಇಲ್ಲಿಗೆ ಬರೋಕೆ ವೀಸಾ ಸಿಕ್ಕಿದೆಯಂತೆ. ನಮಗೆ ಖುಷಿ ಆಗಲಿ ಅಂತ ಮುಚ್ಚಿಟ್ಟಿದ್ದಳಂತೆ. ಈಗ ಅಪ್ಪನ ಜೊತೆ ಅಲ್ಲಿಯ ಏರ್‌ಪೋರ್ಟಲ್ಲಿ ನಿಂತಿದ್ದಾಳೆ. ಕಳಿಸ್ತಿರೋದು ನಮ್ಮನ್ನ ಕಳಿಸಿದ್ದ ಅದೇ ಏಜೆಂಟು."

ಮೇಲಿದ್ದ ಕಾಲು ತಾನಾಗಿ ಕೆಳಗಿಳಿಯಿತು.

ಈ ಪರದೇಶದಲ್ಲಿ ಅವನು ಕಟ್ಟಡಗಳಿಗೆ ಕಂಬಿ ಕಟ್ಟುವವನು. ಮಲಗುವುದು ಕಂಪನಿಯ ಶೆಡ್ಡಿನಲ್ಲಿ, ಒಂದರ ಮೇಲೊಂದು ಹೇರಿದ ಹಲಗೆಗಳ ನಡುವಿನದರ ಮೇಲೆ. ಅವಳು ಮನೆಗೆಲಸದವಳು. ಯಜಮಾನಿಯ ಬಂಗಲೆಯಲ್ಲಿ ನಾಯಿಗೂ ಕೋಣೆಯಿದೆ; ಇವಳ ಹಾಸಿಗೆ ಬಟ್ಟೆ ಒಗೆಯುವ ಮಷೀನಿನ ಪಕ್ಕ, ಪಾಸ್‌ಪೋರ್ಟು ಯಜಮಾನಿಯ ಬೀರುವಿನೊಳಗೆ. ಗಂಡ ಬಂಗಲೆಗೆ ಹೋಗುವಂತಿಲ್ಲ, ಹೆಂಡತಿ ಶೆಡ್ಡಿಗೆ ಬರುವಂತಿಲ್ಲ. ಊರಿಗೆ ಊರನ್ನೇ ಎಬ್ಬಿಸಿ ನಿಲ್ಲಿಸುವವನಿಗೆ, ಕಟ್ಟಿಕೊಂಡ ಹೆಂಡತಿಯ ಜೊತೆ ಕೂತು ಮಾತಾಡಲು ಒಂದು ಬಾಗಿಲಿಲ್ಲ. ವಾರಕ್ಕೊಂದು ಮಧ್ಯಾಹ್ನ ರಜೆ. ಪಾರ್ಕಿನಲ್ಲಿ ಕೂತರೆ ಬಿಸಿಲು, ಹೋಟೆಲಿನಲ್ಲಿ ಕೂತರೆ ಬಿಲ್ಲು. ಮೇಜು ಮಂಚ ಮಾರುವ ಈ ದೊಡ್ಡ ಅಂಗಡಿಯಲ್ಲಿ ಮಾತ್ರ ಅಣಿಯಾಗಿ ಜೋಡಿಸಿಟ್ಟ ಹಾಲ್, ಹಾಸಿಟ್ಟ ಬೆಡ್‌ರೂಮು. ಯಾರಾದರೂ ಬಂದು ಕೇಳಿದರೆ "ಸುಮ್ಮನೆ ನೋಡ್ತಾ ಇದ್ದೀವಿ" ಅಂದರಾಯಿತು.

"ಇಬ್ಬರೂ ಒಂದೇ ಮನೇಲಿದ್ದೀರಿ ತಾನೇ?" ಎಂದು ಅವಳ ಅಮ್ಮ ಫೋನಿನಲ್ಲಿ ಅತ್ತಿದ್ದಕ್ಕೆ, ಆ ಜೀವ ತಣ್ಣಗಿರಲೆಂದು ಮೊದಲ ಫೋಟೋ ಕಳಿಸಿದ್ದು. ಆಮೇಲೆ ವಾರವಾರವೂ ಮನೆ ಬೆಳೆಯಿತು. ಒಮ್ಮೆ ಊಟದ ಮೇಜು, ಒಮ್ಮೆ ಆಳೆತ್ತರದ ಕನ್ನಡಿ. ತೊಟ್ಟಿಲ ಪಕ್ಕ ನಿಂತು ತೆಗೆಸಿಕೊಂಡ ಒಂದನ್ನು ಮಾತ್ರ ಅವಳು ಯಾರಿಗೂ ಕಳಿಸಲಿಲ್ಲ.

"ಈಗಲೇ ನಿಜ ಹೇಳಿಬಿಡ್ತೀನಿ," ಎಂದಳು.

"ಏನಂತ? ಇಷ್ಟು ದಿನ ಕಿವಿ ಮೇಲೆ ಹೂ ಇಟ್ವಿ ಅಂತಲಾ?"

"ಹಾಗೇ ಅಂತೀನಿ. ನಾವು ಬಿದ್ದಿರೋ ಬಾವಿಗೆ ಅವಳನ್ನೂ ದೀಪ ಹಿಡಿದು ಕರೀಬೇಕಾ?"

ವೀಡಿಯೊದಲ್ಲಿ ತಂಗಿ ಬಂದಳು. ಹೊಸ ಓಲೆ, ಎಣ್ಣೆ ಹಚ್ಚಿ ಬಿಗಿದ ಜಡೆ. ಬೆನ್ನ ಹಿಂದೆ ಅಪ್ಪನ ಅರ್ಧ ಮುಖ.

"ಹತ್ತಬೇಡ ಕಣೇ! ವಾಪಸ್ ಮನೆಗೆ ಹೋಗು. ನೋಡಿಲ್ಲಿ, ಇದು ಅಂಗಡಿ!" ಹೆಂಡತಿ ಫೋನನ್ನು ಸುತ್ತ ತಿರುಗಿಸಿದಳು. ಸಾಲುಸಾಲು ಸೋಫಾ, ಪ್ರತಿಯೊಂದಕ್ಕೂ ಬೆಲೆಚೀಟಿ.

ತಂಗಿಯ ಕಣ್ಣು ತುಂಬಿ ಬಂತು. "ಅಯ್ಯೋ, ನಾನು ಬರ್ತೀನಿ ಅಂತ ಮಂಚ ತಗೊಳ್ಳೋಕೆ ಓಡಿ ಹೋಗಿದ್ದೀರಾ? ಬೇಡ ಕಣಕ್ಕಾ. ನಾನು ನಿನ್ನ ಪಕ್ಕದಲ್ಲೇ ನೆಲದ ಮೇಲೆ ಬಿದ್ಕೋತೀನಿ."

"ಬೀಳೋಕೆ ನೆಲಾನೇ ಇಲ್ವೇ! ನಾನು ಬಟ್ಟೆ ಒಗೆಯೋ ಜಾಗದಲ್ಲಿ ಮಲಗ್ತೀನಿ. ನಿಮ್ಮ ಭಾವ ಶೆಡ್ಡಲ್ಲಿ. ನಾವು ಕಳಿಸಿದ್ದೆಲ್ಲಾ ಈ ಅಂಗಡಿ ಫೋಟೋ."

ತಂಗಿ ಕಣ್ಣೊರೆಸಿಕೊಂಡಳು. ಆಮೇಲೆ ದನಿ ಬೇರೆಯಾಯಿತು. "ನೀನು ಬಂಗಲೆಯಲ್ಲಿರಬೇಕು, ನಾನು ಸಾಯೋವರೆಗೂ ಮಷೀನ್ ತುಳೀತಾ ಊರವರ ಬ್ಲೌಸ್ ಹೊಲೀಬೇಕು. ಅಷ್ಟೇ ತಾನೇ? ಬರಬೇಡ ಅಂತ ನೇರವಾಗಿ ಹೇಳಕ್ಕಾ, ಹೀಗೆ ಕಥೆ ಕಟ್ಟಬೇಡ."

ಅಪ್ಪ ಫೋನು ಕಿತ್ತುಕೊಂಡ. "ಅಳಿಯಂದಿರಿಗೆ ಕೊಡಮ್ಮ. ಹೌದೇನ್ರೀ ಅಳಿಯಂದಿರೇ, ಇವಳು ಹೇಳೋದು? ನಿಮ್ಮ ಮಾತು ಅಂದ್ರೆ ಮಾತು. ಬೇಡ ಅನ್ನಿ, ಈಗಲೇ ಕರ್ಕೊಂಡು ಹೋಗ್ತೀನಿ."

ಮದುವೆಯಾದ ಹೊಸತರಲ್ಲಿ ಈ ಮಾವ ಅವನನ್ನು "ಏಯ್" ಎಂದೇ ಕರೆಯುತ್ತಿದ್ದ. ಅವನೆದುರೇ, "ಹೋಗಿ ಹೋಗಿ ಕಂಬಿ ಬಗ್ಗಿಸೋನಿಗೆ ಮಗಳನ್ನ ಕೊಟ್ಟೆ" ಎಂದು ಹಣೆ ಚಚ್ಚಿಕೊಂಡಿದ್ದ. "ಅಳಿಯಂದಿರೇ" ಎಂಬ ಮಾತು ಹುಟ್ಟಿದ್ದು ಅವನು ಈ ಸೋಫಾದ ಮೇಲೆ ಕೂತ ಮೇಲೆ. ಮೇಸ್ತ್ರಿಯ ಬಾಯಲ್ಲಿ ಅವನು ಬರೀ ನಂಬರು, ಬೀದಿಯಲ್ಲಿ ಯಾರಿಗೂ ಕಾಣದವನು. ಇಡೀ ಜಗತ್ತಿನಲ್ಲಿ ಬಹುವಚನದಲ್ಲಿ ಕರೆಯುವ ಬಾಯಿ ಅದೊಂದೇ.

ಹೆಂಡತಿ ಅವನ ಮೊಣಕೈ ಹಿಡಿದಳು. "ಹೇಳ್ರೀ. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳ್ರೀ."

ಅವನು ಅವಳತ್ತ ನೋಡಲಿಲ್ಲ.

"ಏನಿಲ್ಲ ಮಾವ," ಎಂದ. "ಬೆಳಿಗ್ಗೆ ನಮ್ಮಿಬ್ಬರಿಗೂ ಒಂದು ಮಾತು ಬಂತು. ಆ ಸಿಟ್ಟಿಗೆ ಏನೇನೋ ಅಂತಾಳೆ. ಕಳಿಸಿ."

ಹೆಂಡತಿಯ ಕೈ ಅವನ ಮೊಣಕೈಯಿಂದ ಜಾರಿತು. ತೆರೆಯ ಮೇಲೆ ತಂಗಿ ಮತ್ತೆ ನಗುತ್ತಾ ಬಂದು, ಚೀಲದಿಂದ ಹೂವಿನ ಬಟ್ಟೆಯೊಂದನ್ನು ಅರ್ಧ ಎಳೆದು ತೋರಿಸಿದಳು. "ಇಷ್ಟೇನಾ? ಜಗಳಗಂಟಿ! ನೋಡಿಲ್ಲಿ, ನಿನ್ನ ಸೋಫಾಗೆ ಕವರ್. ಫೋಟೋ ನೋಡಿಯೇ ಅಳತೆ ಹಿಡಿದೆ. ಮಷೀನ್ ಮಾರೋಕೆ ಮುಂಚೆ ಹೊಲಿದ ಕೊನೇ ಬಟ್ಟೆ ಇದೇ. ಆಯ್ತು, ಕರೀತಿದ್ದಾರೆ, ಒಳಗೆ ಹೋಗ್ತೀನಿ." ಹೆಂಡತಿ ಮತ್ತೆ ಮತ್ತೆ ಫೋನು ಒತ್ತಿದಳು. ಆ ಕಡೆ ಸ್ವಿಚ್ ಆಫ್ ಆಗಿತ್ತು.

ಅಂಗಡಿಯ ಮಾರಾಟದ ಹುಡುಗಿ ನಗುನಗುತ್ತಾ ಹತ್ತಿರ ಬಂದಳು. ದಿಂಬು ಸರಿಸಿ ಬೆಲೆಚೀಟಿಯನ್ನು ಹೊರಗೆಳೆದು, ಮೊದಲಿದ್ದಂತೆ ತೋಳಿಗೆ ನೇತುಬಿಟ್ಟಳು. "ಇದು ಇಬ್ಬರಿಗೆ ಸರಿಹೋಗುತ್ತೆ. ಇನ್ನೂ ದೊಡ್ಡದೂ ಇದೆ. ನಿಮ್ಮ ಮನೇಲಿ ಎಷ್ಟು ಜನ?"

ಗಂಡ ಅಭ್ಯಾಸಬಲದಿಂದ ಬಾಯಿ ತೆರೆದ. "ಸುಮ್ಮನೆ ನೋಡ್ತಾ..."

ಅವನ ಮಾತು ಮುಗಿಯಲು ಬಿಡದೆ, ಆ ದೇಶದ ಭಾಷೆಯಲ್ಲಿ ತನಗೆ ಬರುತ್ತಿದ್ದ ನಾಲ್ಕೇ ಮಾತುಗಳನ್ನು ಹುಡುಕಿ ಜೋಡಿಸಿ ಹೆಂಡತಿ ಹೇಳಿದಳು:

"ನಾಳೆಯಿಂದ ಮೂರು ಜನ."