ಕಿಡಿ ಕಾರದ ಕಲ್ಲು

ದಫೇದಾರ ರಂಗಸ್ವಾಮಿ ರುಮಾಲಿನ ಗಂಟು ಬಿಚ್ಚಿ ಕುಲುಮೆಯ ಮುಂದೆ ಸುರಿದ. ಜೇನುಬಣ್ಣದ ಕಲ್ಲುಗಳು, ಒಡೆದ ಕಡೆಯೆಲ್ಲ ಚೂಪು ಅಂಚು. ಕುದುರೆಗೆ ನೀರು ಕುಡಿಸಲು ಊರ ಕೆರೆಗೆ ಇಳಿದಾಗ, ನೀರು ಹಿಂದೆ ಸರಿದಿದ್ದ ದಂಡೆಯಲ್ಲಿ ಸಿಕ್ಕಿದ್ದವು.

"ಏನ್ ಕಲ್ಲು ಯೋಳ್ಲಾ ಕಾಳಾಚಾರಿ, ಬಂದೂಕಿಗೆ ಆಯ್ತದಾ? ಕಿಡಿ ಬಂದ್ರೆ ನಾಳೆ ಒತ್ತಾರೆಗೆ ನಿಮ್ಮೂರ ಗಂಡಸ್ರೆಲ್ಲ ಕೆರೆಗಿಳೀಬೇಕು. ಆಯ್ದು, ಒಡ್ದು, ಪಟ್ಣದ ಕೋಟೆಗೆ ಒತ್ಕಂಡೋಗಿ ಆಕ್ಬೇಕು."

ಕಮ್ಮಾರ ಕಾಳಾಚಾರಿಗೆ ನೋಡಿದ ಕೂಡಲೇ ಗೊತ್ತಾಯಿತು. ಬಂದೂಕಿನ ಮದ್ದಿಗೆ ಕಿಡಿ ಹಾರಿಸುವ ಚಕಮಕಿ ಕಲ್ಲು, ಅದೂ ಒಳ್ಳೆಯ ಜಾತಿಯದು. ಆದರೆ ಬಿಟ್ಟಿ ಹೊರೆ ಹೊತ್ತು ಶ್ರೀರಂಗಪಟ್ಟಣದ ಕೋಟೆಯೊಳಗೆ ಹೋದವರು ಮರಳಿ ಬಂದದ್ದನ್ನು ಆ ಊರು ಕಂಡಿರಲಿಲ್ಲ. ಇಂಗ್ರೇಜಿಯವರ ದಂಡು ಬರುತ್ತಿದೆಯೆಂದು ಸಿಕ್ಕಿದವರನ್ನೆಲ್ಲ ಒಳಗೇ ಇಟ್ಟುಕೊಳ್ಳುತ್ತಿದ್ದರು. ದೊಡ್ಡ ಮಗ ವೀರಾಚಾರಿ ಹೋದ ವರ್ಷವೇ ಹಾಗೆ ಹೋಗಿದ್ದ. ಉಳಿದವನು ಚಿಕ್ಕವನೊಬ್ಬ, ಮದುವೆಯಾಗಿ ಇನ್ನೂ ತಿಂಗಳಾಗಿರಲಿಲ್ಲ.

ಕಾಳಾಚಾರಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡವನಂತೆ ಒಂದು ಕಬ್ಬಿಣದ ಪಟ್ಟಿ ಎತ್ತಿಕೊಂಡ. ಕೈಗೇನೂ ಸಿಕ್ಕಿದ್ದಲ್ಲ, ಕಣ್ಣಲ್ಲೇ ಹುಡುಕಿ ತೆಗೆದದ್ದು. ಗಾಡಿ ಚಕ್ರದ ಮೆತ್ತನೆ ಕಬ್ಬಿಣ. ಉಕ್ಕು ಬಡಿದರೆ ಕಿಡಿ ಕಾರುವ ಕಲ್ಲು ಇಂಥದಕ್ಕೆ ಜಗ್ಗುವುದಿಲ್ಲ. ಮತ್ತೆ ಮತ್ತೆ ಬಡಿದು ತೋರಿಸಿದ. ಕಿಡಿ ಬರಲಿಲ್ಲ.

"ಬರೀ ಕಾಡುಕಲ್ಲು ಬುದ್ಧಿ. ಯಾತಕ್ಕೂ ಬರಾಕಿಲ್ಲ."

ದಫೇದಾರನೇನು ನಿನ್ನೆ ಮೊನ್ನೆ ಹುಟ್ಟಿದವನೇ? "ನಿಂದು ಯಾವ ಕಬ್ಬಿಣವೋ ಏನೋ. ಸರಿಯಲಾ ಅತ್ಲಾಗೆ" ಎನ್ನುತ್ತ ಸೊಂಟದ ಕತ್ತಿ ಎಳೆದ.

ಬಾಗಿಲಲ್ಲಿ ನಿಂತಿದ್ದ ಕಾಳಾಚಾರಿಯ ಹೆಂಡತಿ ನಿಂಗಮ್ಮನಿಗೆ ಅದು ಯಾವ ಕತ್ತಿಯೆಂದು ಗೊತ್ತಿತ್ತು. ಆ ಕತ್ತಿಯ ಅಲಗಿಗೆ ಉಕ್ಕು ಬೆಸೆದವನು ತನ್ನ ಗಂಡನೇ. ಒಂದು ಏಟು ಬಿದ್ದರೆ ಸಾಕು, ಸುಳ್ಳು ಬಯಲಾಗುತ್ತದೆ. ಮಗನ ಜೊತೆಗೆ ಗಂಡನ ತಲೆಯೂ ಹೋಗುತ್ತದೆ.

"ಅಲಗು ಮುಕ್ಕಾಗ್ತದೆ ಬುದ್ಧಿ!" ಅಂದುಬಿಟ್ಟಳು. "ದಂಡು ಬರೋ ಒತ್ನಲ್ಲಿ ಮೊಂಡು ಕತ್ತಿ ಇಟ್ಕಂಡು ಏನ್ ಮಾಡೀರಿ?"

ದಫೇದಾರನಿಗೆ ಕತ್ತಿಯ ಮೇಲೆ ಕಟ್ಟಿಕೊಂಡವಳಿಗಿಂತ ಒಂದು ತೂಕ ಹೆಚ್ಚೇ ಮೋಹ. ಎತ್ತಿದ ಕೈ ತಡೆದ. ಕತ್ತಿ ತಿರುಗಿಸಿ ಅದರ ಬೆನ್ನಿನಿಂದ ಬಡಿದ. ಬೆನ್ನಿಗೂ ಉಕ್ಕು ಹಾಕುವ ದುಂದು ಹಳ್ಳಿಯ ಯಾವ ಕಮ್ಮಾರನೂ ಮಾಡುವುದಿಲ್ಲ. ಅಲ್ಲಿದ್ದದ್ದು ಅದೇ ಮೆತ್ತನೆ ಕಬ್ಬಿಣ. ಕಲ್ಲು ಚೂರಾಯಿತು, ಕಿಡಿ ಕಾಣಲಿಲ್ಲ. ಅವನು ಉಳಿದ ಕಲ್ಲುಗಳನ್ನು ಕಾಲಲ್ಲಿ ಒದ್ದು ಕುದುರೆ ಹತ್ತಿದ.

ಚಿಕ್ಕ ಮಗ ಉಳಿದ. ಅಷ್ಟಕ್ಕೆ ಸುಮ್ಮನಿದ್ದರೆ ನಿಂಗಮ್ಮ ತಾಯಿ ಹೇಗಾದಾಳು?

"ಬುದ್ಧಿ, ಕೋಟೇಲಿ ನಮ್ಮ ವೀರಾಚಾರಿನ ಏನಾರ ಕಂಡಿದ್ರಾ?"

"ಕಾಣ್ದೆ ಏನು? ನನ್ ಕೈಕೆಳ್ಗೇ ಅವ್ನೆ, ಮುಂದ್ಲ ಸಾಲಲ್ಲಿ. ಒಳ್ಳೆ ಆಳು." ದಫೇದಾರ ಲಗಾಮು ಎಳೆದ. "ಅಂತೋರ ಬಂದೂಕ್ನಲ್ಲೇ ಕಲ್ಲಿಲ್ಲ ಕಣವ್ವ. ಅದ್ಕೇ ನಾನು ಕೆರೆ ಕೆರೆ ಅಲೀತಿರಾದು. ಇದೇ ಕಡೇ ಕೆರೆ. ಇನ್ನೇನು, ದಂಡು ಮೇಲೆ ಬಿದ್ರೆ ಐಕ್ಳು ಬಂದೂಕನೇ ದೊಣ್ಣೆ ಮಾಡ್ಕಂಡು ನಿಂತ್ಕಬೇಕು."

ಕುದುರೆ ಕೆರೆ ಏರಿ ಹತ್ತಿತು. ಕೂಗಿದರೆ ಕೇಳುವಷ್ಟು ದೂರದಲ್ಲೇ ಇತ್ತು.

"ಕೂಗಿ" ಅಂದಳು ನಿಂಗಮ್ಮ.

ಕಾಳಾಚಾರಿ ಬಾಯಿ ತೆರೆದ. ಅವಳೇ ಓಡಿ ಬಂದು ಎರಡೂ ಕೈಯಿಂದ ಆ ಬಾಯಿ ಮುಚ್ಚಿದಳು.