ಬಾಯಿಬಡಕಿ

ಕಾಫಿ ತೋಟದಲ್ಲಿ ಸೋದರಮಾವನ ಕೋವಿಯಿಂದ ಹಾರಿದ ಗುಂಡು ಏಳು ವರ್ಷದ ಪೂವಿಯ ಭುಜಕ್ಕೆ ಹೊಕ್ಕಿತ್ತು. ಹುಡುಗಿ ಇನ್ನು ಮಾತೇ ಬಿಟ್ಟುಬಿಡುತ್ತಾಳೆಂದು ಎಲ್ಲರೂ ಹೆದರಿದ್ದರು. ಆದದ್ದು ಬೇರೆ. ಗಾಯ ಮಾಯುವ ಹೊತ್ತಿಗೆ ಅವಳ ಬಾಯಿಗೆ ಬಿಡುವೇ ಇಲ್ಲದಂತಾಯಿತು. ಬಚ್ಚಲಲ್ಲಿ ಒಬ್ಬಳೇ ಮಗ್ಗಿ ಹೇಳುತ್ತಿದ್ದಳು. ಊಟದ ನಡುವೆ ಹಾಡುತ್ತಿದ್ದಳು. ತೋಟದ ದಾರಿಯಲ್ಲಂತೂ ಗಂಟಲು ಹರಿಯುವಂತೆ ತನ್ನ ಹೆಸರನ್ನೇ ಕೂಗುತ್ತಿದ್ದಳು.

"ಮಗು ಎಲ್ಲ ಮರ್ತಿದೆ, ಪುಣ್ಯ" ಎಂದು ನೆಂಟರು ಕಾಫಿ ಕುಡಿದು ಹೋದರು. ತಾಯಿ ನೀಲಮ್ಮನಿಗೂ ಹಾಗೇ ಅನಿಸಿತ್ತು. ಕ್ಲಾಸಿನಲ್ಲಿ ಪಾಠ ಮಾಡಲು ಬಿಡುತ್ತಿಲ್ಲವೆಂದು ಟೀಚರು ಹೇಳಿ ಕಳಿಸಿದ ಮೇಲಷ್ಟೇ ಮಗಳನ್ನು ಮಡಿಕೇರಿಯ ಡಾಕ್ಟರ ಬಳಿ ಕರೆದುಕೊಂಡು ಬಂದಳು.

ಡಾಕ್ಟರು ಸ್ಟೆತಸ್ಕೋಪನ್ನು ಪೂವಿಯ ಎದೆಗಿಟ್ಟರು. "ಒಂದು ನಿಮಿಷ ಸುಮ್ನಿರು ಪುಟ್ಟಿ."

"ಆಗಲ್ಲ ಡಾಕ್ಟ್ರೇ."

"ಯಾಕಾಗಲ್ಲ?"

"ಏನೇ ಇದು ಅಧಿಕಪ್ರಸಂಗ! ದೊಡ್ಡೋರು ಹೇಳಿದ್ ಕೇಳು, ಬಾಯಿ ಮುಚ್ಕೋ" ಎಂದು ನೀಲಮ್ಮ ಗದರಿದಳು.

ಪೂವಿ ಒಮ್ಮೆ ಕಿಟಕಿಯ ಕಡೆ ನೋಡಿ, ಹೊರಗಿನವರಿಗೂ ಕೇಳುವ ಹಾಗೆ ದನಿ ಏರಿಸಿದಳು.

"ಅವತ್ತು ನಾನು ಗಿಡದ ಹಿಂದೆ ಸುಮ್ನೇ ಕೂತಿದ್ದೆ ಡಾಕ್ಟ್ರೇ. ಮಾವ ಹಂದಿ ಅಂದ್ಕೊಂಡ್ರು."